‘22ಎ’ ಹೋಗಿ ‘1022’ ಬಂದ ಬಗೆ

ಕಾರವಾರದ ಬೈತಖೋಲ ಬಂದರಿನಲ್ಲಿ ಪರಿಚಯದವರೊಬ್ಬರು ತಮ್ಮ ಪುಟ್ಟ ವಿಹಾರ ದೋಣಿಗೆ ಹೊಸ ವೈರ್‌ಲೆಸ್ ಸೆಟ್ ತಂದಿದ್ದರು. ಗುಂಡಿ ತಿರುಗಿಸಿದರೆ ಚಾನೆಲ್ ಸಂಖ್ಯೆ 20, 1020, 1021, 1022, 1023, ಆಮೇಲೆ ಏನೂ ಆಗದವರ ಹಾಗೆ 24! ಅವರ ಹಳೆಯ ಸೆಟ್ಟಿನಲ್ಲಿ 22ರ ಪಕ್ಕ ಸಣ್ಣದೊಂದು ‘ಎ’ ಇರುತ್ತಿತ್ತು. ಸೆಟ್ ಕೆಟ್ಟಿದೆ ಎಂದೇ ಅವರ ತೀರ್ಮಾನ. ಪಕ್ಕದ ಮೀನುಗಾರಿಕೆ ಬೋಟು ನಡೆಸುವ ತಾಂಡೇಲ ಮಾತ್ರ, ‘16 ಇದೆಯಲ್ಲ ಸಾಹೇಬರೇ, ಸಾಕು’ ಎಂದು ಬಲೆಯತ್ತ ತಿರುಗಿದ.

ಸೆಟ್ ಸರಿಯಾಗಿಯೇ ಇತ್ತು. ಗೋಜಲು ಇರುವುದು ಸಂಖ್ಯೆಗಳ ಚರಿತ್ರೆಯಲ್ಲಿ.

ಹಡಗುಗಳ ವಿಎಚ್‌ಎಫ್ (ಅತಿ ಹೆಚ್ಚಿನ ಆವರ್ತನದ ರೇಡಿಯೊ) ಚಾನೆಲ್‌ಗಳು ಮೊದಲು 1ರಿಂದ 28ರವರೆಗೆ ಮಾತ್ರ ಇದ್ದವು. ಒಂದರಿಂದ ಇನ್ನೊಂದಕ್ಕೆ 50 ಕಿಲೋಹರ್ಟ್ಸ್ ಅಂತರ. ಸಂಚಾರ ಹೆಚ್ಚಿ ಜಾಗ ಸಾಲದಾದಾಗ ಎರಡೆರಡರ ನಡುವೆ ಒಂದೊಂದನ್ನು ತೂರಿಸಿದರು. ಹೊಸಬರಿಗೆ 60ರಿಂದ 88ರವರೆಗಿನ ಸಂಖ್ಯೆ ಕೊಟ್ಟರು. ಹಾಗಾಗಿ 60ರ ನೆರೆಮನೆ 59 ಅಲ್ಲ, 1! 60 ಇರುವುದು 156.025 ಮೆಗಾಹರ್ಟ್ಸ್‌ನಲ್ಲಿ, 1 ಇರುವುದು 156.050ರಲ್ಲಿ.

ಇನ್ನೊಂದು ಸಂಗತಿಯಿದೆ. ಹಲವು ಚಾನೆಲ್‌ಗಳಿಗೆ ಎರಡು ಆವರ್ತನಗಳು. 22ನ್ನೇ ನೋಡಿ: ದೋಣಿ 157.100ರಲ್ಲಿ ಮಾತನಾಡುತ್ತದೆ, ದಡದ ಕೇಂದ್ರ 161.700ರಲ್ಲಿ ಉತ್ತರಿಸುತ್ತದೆ. ಅಮೆರಿಕದವರು ಇದನ್ನು ಒಡೆದು, ದೋಣಿಯ ಪಾಲಿನ 157.100ರಲ್ಲೇ ಎರಡೂ ಕಡೆಯವರು ಮಾತನಾಡುವಂತೆ ಮಾಡಿಕೊಂಡು ‘22ಎ’ ಎಂದರು. ಸರ್ವೆ ನಂಬರಿನಲ್ಲಿ ಹಿಸ್ಸಾ ಮಾಡಿದ ಹಾಗೆ. ಆದರೆ ಹಿಸ್ಸಾ ನಂಬರನ್ನು ಬಾಯಲ್ಲಿ ಹೇಳುವಾಗ ನುಂಗಿದರೆ ಜಗಳ ಖಚಿತ. ಇಲ್ಲಿಯೂ ‘ಎ’ಯನ್ನು ನುಂಗಿ ಬರಿಯ ‘22’ ಎಂದವರೇ ಹೆಚ್ಚು.

2012ರ ಜಿನೀವಾ ವಿಶ್ವ ರೇಡಿಯೊ ಸಮ್ಮೇಳನ ಈ ಪಟ್ಟಿಯನ್ನು ತಿದ್ದಿತು. ಮುಖ್ಯ ಬದಲಾವಣೆಗಳು 2017ರ ಜನವರಿ 1ರಿಂದ ಜಾರಿಗೆ ಬಂದವು. ಅಕ್ಷರದ ಬದಲು ಅಂಕಿ: ದೋಣಿಯ ಪಾಲನ್ನು ಒಂಟಿಯಾಗಿ ಬಳಸಿದರೆ ಸಂಖ್ಯೆಯ ಹಿಂದೆ 10, ದಡದ ಪಾಲಾದರೆ 20. ಹೀಗೆ 22ಎ ಎಂಬುದು 1022 ಆಯಿತು. ಹಡಗುಗಳು ತಮ್ಮ ಗುರುತು, ಸ್ಥಾನಗಳನ್ನು ತಾವೇ ಸಾರುವ ಎಐಎಸ್‌ನ ಎರಡು ಚಾನೆಲ್‌ಗಳು 2087 ಮತ್ತು 2088. ಆವರ್ತನ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಹಳೆಯ ಸೆಟ್ಟಿನ 22ಎ ಮತ್ತು ಹೊಸದರ 1022 ಪರಸ್ಪರ ಮಾತನಾಡಬಲ್ಲವು. ನಾಲ್ಕಂಕಿ ಹೇಳಲು ಉದ್ದ, ನಿಜ. ಆದರೂ ಗಾಳಿಯ ಸದ್ದಿನಲ್ಲಿ ಕಳೆದುಹೋಗುವ ‘ಎ’ಗಿಂತ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಾಂಡೇಲನ 16 ಹಾಗೆಯೇ ಇದೆ, 156.800ರಲ್ಲಿ, ಆಪತ್ತಿನ ಕರೆಗೆ. (1554 ಕೂಡ ನಾಲ್ಕಂಕಿಯೇ, ಆದರೆ ಅದು ಕರಾವಳಿ ಕಾವಲು ಪಡೆಯ ದೂರವಾಣಿ, ಚಾನೆಲ್ ಎಂದು ಹುಡುಕಬೇಡಿ.)

ನಮ್ಮ ನೀರಿನಲ್ಲಿ ನಿಜವಾಗಿ ಎಡವಿಸುವುದು ಸಂಖ್ಯೆಯಲ್ಲ, ಸೆಟ್ಟಿನೊಳಗಿನ ದೇಶದ ಆಯ್ಕೆ. ಅಮೆರಿಕದ ಪಟ್ಟಿಯಲ್ಲಿ ಬಿಟ್ಟ ಸೆಟ್ 157.100ರಲ್ಲಿ ಕಿವಿಯಿಟ್ಟು ಕೂತಿರುತ್ತದೆ; 22ರಲ್ಲಿ ಉತ್ತರಿಸುವ ಬಂದರು ಕೇಂದ್ರದ ಧ್ವನಿ 161.700ರಲ್ಲಿ ಹಾದುಹೋಗುತ್ತದೆ. ನೀವು ಕರೆದದ್ದು ಅವರಿಗೆ ಕೇಳಿಸಿರುತ್ತದೆ, ಅವರು ಹೇಳಿದ್ದು ನಿಮಗಿಲ್ಲ.

ಬೈತಖೋಲದ ಆ ಸೆಟ್ಟಿನ ಮೆನು ತೆರೆದು ‘ಯುಎಸ್‌ಎ’ ಇದ್ದದ್ದನ್ನು ‘ಐಎನ್‌ಟಿ’ (ಅಂತರರಾಷ್ಟ್ರೀಯ ಪಟ್ಟಿ) ಮಾಡಿದೆವು. 1022 ಮಾಯವಾಗಿ 22 ಬಂತು.