ಅಂತರ ಕಡಿಮೆಯಾಯಿತು, ಮಕ್ಕಳೂ ಕಡಿಮೆಯಾದರು: ಎಲ್ ಪಾಸೊ ಪ್ರಕರಣದ ಟಿಪ್ಪಣಿ

ಫಲಿತಾಂಶ ಚೆನ್ನಾಗಿ ಕಾಣಲೆಂದು ಮಕ್ಕಳನ್ನೇ ಪರೀಕ್ಷೆಯ ಲೆಕ್ಕದಿಂದ ಹೊರಗಿಟ್ಟ ಕಥೆ ಇದು, ನಡೆದದ್ದು ಅಮೆರಿಕದ ಎಲ್ ಪಾಸೊದಲ್ಲಿ. ಅಮೆರಿಕದ ಶಿಕ್ಷಣ ನೀತಿ ಓದುವಾಗ ನಮಗೆ ಮೊದಲು ಎಡವುವ ಜಾಗ 'ಸ್ಕೂಲ್ ಡಿಸ್ಟ್ರಿಕ್ಟ್' ಅನ್ನುವ ಮಾತು. ಅದನ್ನು 'ಜಿಲ್ಲೆ' ಅಂದುಕೊಂಡರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ಅದು ಒಂದು ಊರಿನ, ಅಥವಾ ಊರಿನ ಒಂದು ಭಾಗದ, ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ. ಸಾಮಾನ್ಯವಾಗಿ ಅದಕ್ಕೆ ಜನರೇ ಆರಿಸಿದ ಬೋರ್ಡ್ ಇರುತ್ತದೆ. ಬೋರ್ಡ್ ನೇಮಿಸಿದ ಸೂಪರಿಂಟೆಂಡೆಂಟ್ ಆಡಳಿತ ನೋಡಿಕೊಳ್ಳುತ್ತಾರೆ. ಹಣದ ದೊಡ್ಡ ಪಾಲು ಅಲ್ಲಿನ ಆಸ್ತಿ ತೆರಿಗೆಯಿಂದ ಬರುತ್ತದೆ. ನಮ್ಮ ಬಿಇಒ ಕಚೇರಿಗೆ ಇಷ್ಟು ಸ್ವಾತಂತ್ರ್ಯ ಇಲ್ಲ, ಅಲ್ವಾ?

ಆಸ್ತಿ ತೆರಿಗೆ ಅಂದ ಮೇಲೆ ಬಡ ಬಡಾವಣೆಯ ಶಾಲೆಗೆ ಕಡಿಮೆ ದುಡ್ಡು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಎಜ್‌ವುಡ್ ಡಿಸ್ಟ್ರಿಕ್ಟ್‌ನ ಮೆಕ್ಸಿಕನ್ ಮೂಲದ ಪೋಷಕರು ಇದನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಅವರ ವಾದ ಒಪ್ಪಲಿಲ್ಲ. ಹಣದ ಸಮಾನತೆ ಕೇಳಲು ಫೆಡರಲ್, ಅಂದರೆ ಇಡೀ ದೇಶದ, ಸಂವಿಧಾನದ ದಾರಿ ಅಲ್ಲಿಗೆ ಮುಚ್ಚಿತು. ಉಳಿದ ಇನ್ನೊಂದು ದಾರಿ ಫಲಿತಾಂಶದ ಲೆಕ್ಕ ಕೇಳುವುದು.

2002ರ ಜನವರಿಯಲ್ಲಿ ಅಧ್ಯಕ್ಷ ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಆ ಲೆಕ್ಕವನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ (ಅಲ್ಲಿ 9ರಿಂದ 12ನೇ ತರಗತಿ) ಒಮ್ಮೆ ಪರೀಕ್ಷೆ. ಫಲಿತಾಂಶವನ್ನು ಗುಂಪು ಗುಂಪಾಗಿ ತೋರಿಸಬೇಕು: ಲ್ಯಾಟಿನೊ (ಮೆಕ್ಸಿಕೊದಂಥ ಲ್ಯಾಟಿನ್ ಅಮೆರಿಕದ ದೇಶಗಳ ಮೂಲದವರು), ಕಪ್ಪು, ಬಿಳಿಯ ಮಕ್ಕಳು, ಬಡವರು, ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ಅಂಗವಿಕಲರು. ಒಂದು ಗುಂಪು ಗುರಿ ಮುಟ್ಟದಿದ್ದರೂ ಇಡೀ ಶಾಲೆ ಫೇಲ್.

ಗುಂಪು ಯಾಕೆ ಬೇಕು? ಒಂದು ಶಾಲೆಯಲ್ಲಿ 200 ಮಕ್ಕಳಿದ್ದಾರೆ ಅನ್ನೋಣ. 150 ಬಿಳಿಯರಲ್ಲಿ 120 ಮಂದಿ ಪಾಸು, 50 ಲ್ಯಾಟಿನೊಗಳಲ್ಲಿ 20 ಮಂದಿ ಪಾಸು. ಒಟ್ಟು ಶೇ 70, ನೋಡಲು ಚೆನ್ನಾಗಿಯೇ ಇದೆ. ಬಿಡಿಸಿದರೆ ಒಂದು ಕಡೆ ಶೇ 80, ಇನ್ನೊಂದು ಕಡೆ ಶೇ 40. ಸರಾಸರಿಯ ಮರೆಯಲ್ಲಿದ್ದ 40 ಅಂಶಗಳ ಅಂತರ ಈಗ ಕಣ್ಣಿಗೆ ಬಿತ್ತು. ಈ ಕಾಯ್ದೆಯನ್ನು ಬೈಯುವವರು ಬಹಳ. ಆದರೆ ಈ ಒಂದು ಕೆಲಸಕ್ಕೆ ನಾನು ಅದನ್ನು ಮೆಚ್ಚುತ್ತೇನೆ.

ಇದೇ ಉದಾಹರಣೆಯನ್ನು ಸ್ವಲ್ಪ ಮುಂದೆ ಎಳೆಯೋಣ. ಫೇಲಾಗುವ 30 ಲ್ಯಾಟಿನೊ ಮಕ್ಕಳಲ್ಲಿ 20 ಮಂದಿ ಪರೀಕ್ಷೆಯ ದಿನ ಲೆಕ್ಕದಲ್ಲೇ ಇಲ್ಲ. ಈಗ 30ರಲ್ಲಿ 20 ಪಾಸು, ಅಂದರೆ ಹತ್ತಿರಹತ್ತಿರ ಶೇ 67. ಅಂತರ 40ರಿಂದ 13ಕ್ಕೆ ಇಳಿಯಿತು. ಯಾರೂ ಒಂದಕ್ಷರ ಹೆಚ್ಚು ಕಲಿತಿಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಎಲ್ ಪಾಸೊದಲ್ಲಿ ನಡೆದದ್ದು ಇದೇ.

ಎಲ್ ಪಾಸೊ ಟೆಕ್ಸಾಸ್‌ನ ಗಡಿ ಊರು. ನದಿಯ ಆಚೆ ದಡದಲ್ಲಿ ಮೆಕ್ಸಿಕೊದ ಸಿಯುದಾದ್ ಹುವಾರೆಸ್. ಗಡಿಗೆ ಅಂಟಿಕೊಂಡಂತಿರುವ ಬೋವೀ ಹೈಸ್ಕೂಲಿನ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಮೆಕ್ಸಿಕನ್ ಮೂಲದವರು. ಮನೆಮಾತು ಸ್ಪ್ಯಾನಿಷ್. ಆಗ ಟೆಕ್ಸಾಸ್‌ನಲ್ಲಿ ಫೆಡರಲ್ ಲೆಕ್ಕಕ್ಕೆ ಸೇರುತ್ತಿದ್ದದ್ದು 10ನೇ ತರಗತಿಯ ಪರೀಕ್ಷೆ. ಹಾಗಾದರೆ ಇಂಗ್ಲಿಷ್ ಬಾರದ ಹುಡುಗ 10ನೇ ತರಗತಿಯಲ್ಲೇ ಇರದಂತೆ ನೋಡಿಕೊಂಡರೆ ಆಯಿತಲ್ಲ! ಮೆಕ್ಸಿಕೊದಿಂದ ಬಂದವರನ್ನು, ಅವರು ಅಲ್ಲಿ ಎಷ್ಟೇ ಓದಿರಲಿ, 9ಕ್ಕೆ ಹಾಕಿದರು. ಕೆಲವರ ಅಂಕಪಟ್ಟಿ ತಿದ್ದಿ 9ರಿಂದ ನೇರ 11ಕ್ಕೆ ಹಾರಿಸಿದರು. ಇನ್ನು ಕೆಲವರಿಗೆ ಶಾಲೆ ಬಿಡುವುದೇ ವಾಸಿ ಅನ್ನಿಸುವಂತೆ ಮಾಡಿದರು. ಬೋವೀಯಲ್ಲಿ 2007ರಲ್ಲಿ 9ನೇ ತರಗತಿಗೆ ಸೇರಿದವರು 381. ಮರುವರ್ಷ 10ರಲ್ಲಿ ಇದ್ದವರು 170. ಹೀಗೆ ಮಾಯವಾದವರಿಗೆ ಅಲ್ಲಿ ಬಿದ್ದ ಹೆಸರು 'ಲೋಸ್ ದೆಸಪರೆಸಿದೋಸ್', ಕಾಣೆಯಾದವರು.

2010ರಲ್ಲಿ ರಾಜ್ಯದ ಸೆನೆಟರ್ ಆಗಿದ್ದ ಎಲಿಯೊಟ್ ಶಾಪ್ಲಿ ಇದನ್ನು ಬಹಿರಂಗವಾಗಿ ಎತ್ತಿದರು. ರಾಜ್ಯದ ಶಿಕ್ಷಣ ಇಲಾಖೆ ವಿಚಾರಿಸಿ, ತಪ್ಪೇನೂ ಕಾಣಲಿಲ್ಲ ಅಂದಿತು. ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಅಂಕಿ ಏರುತ್ತಿದ್ದರೆ ಮೇಲಿನವರಿಗೂ ಖುಷಿ. ಕೆದಕಿ ನೋಡುವ ಆತುರ ಯಾರಿಗಿರುತ್ತದೆ? ಕೊನೆಗೆ ಹಿಡಿದದ್ದು ಕೇಂದ್ರ ಸರ್ಕಾರದ ತನಿಖಾ ಸಂಸ್ಥೆ ಎಫ್‌ಬಿಐ. ಸೂಪರಿಂಟೆಂಡೆಂಟ್ ಲೊರೆಂಜೊ ಗಾರ್ಸಿಯಾ 2012ರಲ್ಲಿ ವಂಚನೆಯ ತಪ್ಪೊಪ್ಪಿಕೊಂಡು ಮೂರೂವರೆ ವರ್ಷದ ಜೈಲು ಶಿಕ್ಷೆ ಪಡೆದರು. ಅವರ ಮೇಲಿದ್ದ ಇನ್ನೊಂದು ಆರೋಪ ಟೆಂಡರ್ ಇಲ್ಲದೆ ಕೊಟ್ಟ ಗುತ್ತಿಗೆಯದು. ಫಲಿತಾಂಶ ಸುಧಾರಿಸಿತು ಅಂತ ಅವರು ಬೋನಸ್ ಕೂಡ ತೆಗೆದುಕೊಂಡಿದ್ದರು.

ಆಮೇಲೆ ರಾಜ್ಯ ಏನು ಮಾಡಿತು? ಜನ ಆರಿಸಿದ ಬೋರ್ಡನ್ನು ಪಕ್ಕಕ್ಕೆ ಸರಿಸಿ 2013ರಲ್ಲಿ ತಾನೇ ಆರಿಸಿದವರನ್ನು ಕೂರಿಸಿತು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಬೋರ್ಡ್ ಕಣ್ಣು ಮುಚ್ಚಿಕೊಂಡಿತ್ತು, ನಿಜ. ಆದರೆ ಲ್ಯಾಟಿನೊಗಳೇ ಬಹುಪಾಲು ಇರುವ ಊರಿನಲ್ಲಿ, ಅವರ ಮಕ್ಕಳಿಗೆ ಆದ ಅನ್ಯಾಯಕ್ಕೆ ಅವರ ಓಟಿನ ಬೆಲೆಯನ್ನೇ ಕೆಲ ಕಾಲ ಕಿತ್ತುಕೊಂಡ ಹಾಗಾಯಿತು.

2015ರಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾಯ್ದೆ ಬಂತು. ಗುಂಪುಗಳ ಲೆಕ್ಕ ಉಳಿಯಿತು. ಗುರಿ ಮುಟ್ಟದ ಶಾಲೆಯ ಮೇಲೆ ಕ್ರಮ ಏನು ಅನ್ನುವುದು ಬಹುಮಟ್ಟಿಗೆ ರಾಜ್ಯಗಳಿಗೆ ಬಿಟ್ಟದ್ದು. ಒಂದು ಗುಂಪು ಲೆಕ್ಕಕ್ಕೆ ಬರಲು ಕನಿಷ್ಠ ಎಷ್ಟು ಮಕ್ಕಳಿರಬೇಕು ಅನ್ನುವುದನ್ನೂ ರಾಜ್ಯವೇ ಗೊತ್ತುಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 30. ನಮ್ಮ ಉದಾಹರಣೆಯ ಶಾಲೆಯಿಂದ ಇನ್ನೊಬ್ಬ ಹುಡುಗ ಹೋದರೆ 29. ಆಗ ಅಂತರ ದೊಡ್ಡದೋ ಚಿಕ್ಕದೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಹಾಗಾಗಿ ಇಂಥ ವರದಿ ಕೈಗೆ ಬಂದಾಗ ನಾನು ಪಾಸಾದವರ ಶೇಕಡಾವಾರು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು 9ಕ್ಕೆ ಸೇರಿದ ಅದೇ ಮಕ್ಕಳು ನಾಲ್ಕು ವರ್ಷದಲ್ಲಿ ಎಷ್ಟು ಮಂದಿ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ, ಪಡೆದರು ಅನ್ನುವ ಲೆಕ್ಕ. ಈ ಲೆಕ್ಕದಲ್ಲೂ ಒಂದು ಕಿಂಡಿ ಇದೆ. ಬೇರೆ ದೇಶಕ್ಕೆ ಹೋದ ಮಗುವನ್ನು ಪಟ್ಟಿಯಿಂದ ತೆಗೆಯಬಹುದು, ಅದಕ್ಕೆ ಲಿಖಿತ ಆಧಾರ ಇರಬೇಕು. ಸೇತುವೆ ದಾಟಿದರೆ ಬೇರೆ ದೇಶ ಆಗುವ ಊರಿನಲ್ಲಿ ಆ ಕಾಗದಗಳನ್ನು ಒಂದೊಂದಾಗಿ ತೆರೆದು ನೋಡಬೇಕು.