ದಿವಾರ್ ದ್ವೀಪ: ಒಂದು ಊರು, ಮೂರು ಹೆಸರು

ಪ್ರವಾಸಿ ಗೈಡ್ ಪರೀಕ್ಷೆಗೆ ಓದುವಾಗ ದಿವಾರ್ ಸುಲಭ ಅಂದುಕೊಂಡಿದ್ದೆ. ಮಾಂಡವಿ ನದಿಯ ನಡುವೆ ಒಂದು ದ್ವೀಪ, ಹಳೇ ಗೋವಾದಿಂದ ಫೆರಿ ಹತ್ತಿದರೆ ಕೆಲವೇ ನಿಮಿಷ. ಆದರೆ ಅಭ್ಯಾಸದ ಪ್ರಶ್ನೆಪತ್ರಿಕೆಯಲ್ಲಿ ಎರಡು ಉತ್ತರ ತಪ್ಪಿದವು. ಎರಡೂ ಹೆಸರಿನ ಗೊಂದಲದಿಂದ.

ಪಿಯೆದಾದ್ ಊರಾ, ಚರ್ಚಾ?

ಗುಡ್ಡದ ಮೇಲಿನ ದೊಡ್ಡ ಬಿಳಿ ಇಗರ್ಜಿ (ಚರ್ಚ್) ಇರುವ ಊರನ್ನು ಎಲ್ಲರೂ ಪಿಯೆದಾದ್ ಅಂತಾರೆ. ಪಂಚಾಯತಿಯ ಹೆಸರು ನೋಡಿದರೆ ಗೋಲ್ತಿಂ-ನಾವೆಲಿಂ. ನಾನು ಇವು ಬೇರೆ ಬೇರೆ ಊರು ಅಂತ ಬರೆದೆ. ಅಲ್ಲೇ ಎಡವಿದ್ದು. ಪಿಯೆದಾದ್ ಅನ್ನೋದು ಇಗರ್ಜಿಯ ಹೆಸರು, ಕರುಣೆಯ ಮಾತೆ ಮರಿಯಮ್ಮನದು. ಆ ಇಗರ್ಜಿಗೆ ಸೇರಿದ ಮನೆಗಳೆಲ್ಲ ಒಂದು ಫಿರ್ಗಜ್. ಫಿರ್ಗಜ್‌ನ ಹೆಸರೇ ಜನರ ಬಾಯಲ್ಲಿ ಊರಿನ ಹೆಸರಾಗಿ ಉಳಿದಿದೆ. ಗೋಲ್ತಿಂ, ನಾವೆಲಿಂ ಅದಕ್ಕಿಂತ ಹಳೆಯವು, ನೆಲದ ಹೆಸರುಗಳು. (ಮಡಗಾಂವ್ ಹತ್ತಿರ ಇನ್ನೊಂದು ನಾವೆಲಿಂ ಇದೆ, ಅದನ್ನು ಇಲ್ಲಿ ತರಬೇಡಿ.) ದ್ವೀಪದ ಇನ್ನೊಂದು ಕಡೆ ಇದೇ ಕಥೆ ಉಲ್ಟಾ: ನೆಲ ಮಾಲಾರ್, ಇಗರ್ಜಿ ಸಾಂವ್ ಮಾತಿಯಸ್, ಅಲ್ಲಿ ಪಂಚಾಯತಿಯೇ ಸಂತನ ಹೆಸರು ಇಟ್ಟುಕೊಂಡಿದೆ.

ನೆಲದ ಹೆಸರು ಯಾಕೆ ಅಳಿಯಲಿಲ್ಲ ಅನ್ನೋದು ಅರ್ಥವಾದ ಮೇಲೇ ನನಗೆ ಇದು ತಲೆಯಲ್ಲಿ ನಿಂತಿದ್ದು. ಕಾರಣ ಗಾಂವಕಾರಿ, ಅಂದರೆ ಊರಿನ ಮೂಲ ಮನೆತನಗಳು ಸೇರಿ ಜಮೀನು ನೋಡಿಕೊಳ್ಳುವ ಪದ್ಧತಿ. ಪೋರ್ಚುಗೀಸರು ಬರುವ ಮೊದಲೇ ಇತ್ತು. ಅವರು 1526ರಲ್ಲಿ ಅದರ ಕಟ್ಟುಪಾಡುಗಳನ್ನು ಬರೆದಿಟ್ಟುಕೊಂಡರು, ಆಮೇಲೆ ಅದಕ್ಕೆ ಕೊಮುನಿದಾದ್ ಅನ್ನೋ ಹೆಸರು ಬಂತು. ದಿವಾರ್‌ನಲ್ಲಿ ಇದು ಸುಮ್ನೆ ಕಾಗದದ ವ್ಯವಸ್ಥೆ ಆಗಿರಲಿಲ್ಲ. ಇಲ್ಲಿನ ಗದ್ದೆ ಖಾಜಣ, ನದಿಯ ಉಪ್ಪುನೀರು ಒಳಗೆ ಬರದಂತೆ ಒಡ್ಡು ಕಟ್ಟಿ, ಭರತ-ಇಳಿತ ನೋಡಿಕೊಂಡು ಮಾನಸ್ ಅನ್ನೋ ತೂಬಿನಿಂದ ನೀರು ಬಿಟ್ಟು ಮಾಡುವ ಬೇಸಾಯ. ಒಡ್ಡು ಒಂದು ಕಡೆ ಒಡೆದರೂ ಅಕ್ಕಪಕ್ಕದ ಗದ್ದೆಯೆಲ್ಲ ಹಾಳು, ಹಾಗಾಗಿ ಒಬ್ಬೊಬ್ಬರೇ ಕಾಯುವ ಕೆಲಸ ಅಲ್ಲ. ಊರು ಸೇರಿ ನೆಲ ಕಾಯ್ದಿದ್ದಕ್ಕೇ ನೆಲದ ಹೆಸರೂ ಉಳೀತು. ಕುಮಟಾ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು: ಇದು ನಮ್ಮ ಗಜನಿ ಗದ್ದೆಯೇ. ನಮ್ಮಲ್ಲಿ ಕಗ್ಗ ಭತ್ತ, ಇವರಲ್ಲಿ ಕೊರ್ಗುಟ್. ಗಾಂವಕರ್ ಅಡ್ಡಹೆಸರೂ ಅಂಕೋಲಾ, ಕಾರವಾರದಲ್ಲಿ ಬೇಕಾದಷ್ಟಿದೆ ಅಲ್ವಾ?

ಹಾಗಾಗಿ ಹೆಸರು ಸಿಕ್ಕ ಕೂಡಲೇ ನಾನು ಕೇಳಿಕೊಳ್ಳೋದು ಇಷ್ಟೇ: ಇದು ಗದ್ದೆಯ ಹೆಸರಾ, ಇಗರ್ಜಿ ಗಂಟೆಯ ಹೆಸರಾ, ಪಂಚಾಯತಿ ಕಚೇರಿಯ ಹೆಸರಾ? ಒಬ್ಬನೇ ಮನುಷ್ಯ ಗೋಲ್ತಿಂ ಗಾಂವಕಾರ, ಪಿಯೆದಾದ್ ಫಿರ್ಗಜ್‌ನವನು, ಗೋಲ್ತಿಂ-ನಾವೆಲಿಂ ಮತದಾರ ಮೂರೂ ಆಗಬಹುದು.

ಎರಡು ನಾರ್ವೆ

ಇನ್ನೊಂದು ತಪ್ಪು ಸಪ್ತಕೋಟೇಶ್ವರ ಅನ್ನೋ ಶಿವನದು. ದೇವಸ್ಥಾನ ನಾರ್ವೆಯಲ್ಲಿದೆ, ನಾರ್ವೆ ದಿವಾರ್‌ನಲ್ಲಿದೆ, ಆದ್ದರಿಂದ ದೇವಸ್ಥಾನ ದಿವಾರ್‌ನಲ್ಲಿದೆ ಅಂತ ಬರೆದೆ. ತಪ್ಪು. ಹೊಳೆಯ ಆಚೆ, ಬಿಚೋಲಿ ತಾಲೂಕಿನಲ್ಲಿ ಇನ್ನೊಂದು ನಾರ್ವೆ ಇದೆ. ಮೂಲ ಗುಡಿ ದ್ವೀಪದ ನಾರ್ವೆಯಲ್ಲೇ ಇತ್ತು. ಗೋವಾ ಕದಂಬರ ಆರಾಧ್ಯದೈವ ಇವನು, ಅವರ ನಾಣ್ಯಗಳ ಮೇಲೂ ‘ಶ್ರೀ ಸಪ್ತಕೋಟೀಶ್ವರ ಲಬ್ಧವರಪ್ರಸಾದ’ ಅಂತಿದೆ. 14ನೇ ಶತಮಾನದಲ್ಲಿ ಬಹಮನಿ ದಾಳಿಗೆ ಗುಡಿ ಬಿತ್ತು, ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಲಿಂಗ ಹೊಳೆ ದಾಟಿತು. ಆಚೆಯ ಗುಡಿಯನ್ನು 1668ರಲ್ಲಿ ಕಟ್ಟಿಸಿದ್ದು ಶಿವಾಜಿ. ದೇವರು ಆಚೆ ಹೋದರೂ ಗೋಕುಲಾಷ್ಟಮಿಗೆ ಜನ ಈ ದಡಕ್ಕೆ ಬಂದು ಮಾಂಡವಿಯಲ್ಲಿ ಮೀಯುವುದನ್ನು ಬಿಟ್ಟಿಲ್ಲ. ಇಡೀ ಪಾಠದಲ್ಲಿ ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಇದು. ದ್ವೀಪದ ಗಣಪತಿಯೂ ಹೀಗೇ ಹೊರಟು ಖಾಂಡೋಳಾ ಅನ್ನೋ ಊರಲ್ಲಿ ನೆಲೆ ನಿಂತ. ಪಿಯೆದಾದ್ ಸ್ಮಶಾನದ ಪುಟ್ಟ ಚಾಪೆಲ್‌ನಲ್ಲಿ ಕದಂಬರ ಕಾಲದ ಕೆತ್ತನೆ ಇನ್ನೂ ಇದೆ. ಹೋದವರು ತಲೆ ಎತ್ತಿ ಚಾವಣಿ ನೋಡಿ.

ಬೊಂದೆರಾಂ

ಇದು ದಿವಾರ್‌ನ ಬಾವುಟದ ಹಬ್ಬ, ಆಗಸ್ಟ್‌ನ ನಾಲ್ಕನೇ ಶನಿವಾರ. ಬಾವುಟಕ್ಕೆ ಪೋರ್ಚುಗೀಸ್‌ನಲ್ಲಿ ಬಾಂದೇಯ್ರಾ, ಅದರಿಂದ ಈ ಹೆಸರು. ವಾಡೋಗಳ (ಊರೊಳಗಿನ ಕೇರಿಗಳ) ನಡುವೆ ಗಡಿ ಜಗಳ ಜಾಸ್ತಿಯಾಗಿ, ಆಡಳಿತದವರು ಗಡಿಗೆ ಬಾವುಟ ನೆಟ್ಟರಂತೆ. ಜನ ಅವನ್ನು ಕಲ್ಲು ಹೊಡೆದು ಬೀಳಿಸಿದರಂತೆ. ಈಗ ಕಲ್ಲಿಲ್ಲ, ಬಿದಿರಿನ ಫೊಟಾಶ್ ಕೋವಿಯಲ್ಲಿ ತೆಪ್ಪಳ ಕಾಯಿ, ಅಂದರೆ ನಮ್ಮ ಜುಮ್ಮನಕಾಯಿ, ತುಂಬಿ ಹೊಡೀತಾರೆ. ಗಮನಿಸಿ, ಇಲ್ಲಿ ಜಗಳ ಫಿರ್ಗಜ್‌ಗಳದ್ದಲ್ಲ, ವಾಡೋಗಳದ್ದು. ನೆಲದ್ದು.