ಟೂರ್ನಮೆಂಟಿಗೂ ಕಥೆಯ ಆಟಕ್ಕೂ ಒಂದೇ ಸೈನ್ಯ ಸಾಕಾ?

ಪ್ರಶ್ನೆ: ಸಣ್ಣ ಪ್ಲಾಸ್ಟಿಕ್ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟ ವಾರ್‌ಹ್ಯಾಮರ್ 40,000 ಶುರು ಮಾಡಿ ಒಂದು ವರ್ಷ ಆಯ್ತು. ನನ್ನದು ನೆಕ್ರಾನ್ ಸೈನ್ಯ. ಅರ್ಧಕ್ಕಿಂತ ಜಾಸ್ತಿ ಇನ್ನೂ ಬಣ್ಣ ಹಚ್ಚದ ಬೂದು ಪ್ಲಾಸ್ಟಿಕ್ಕಿನಲ್ಲೇ ಇದೆ. ಇನ್ನು ಮೂರು ತಿಂಗಳಲ್ಲಿ ಒಂದು ಟೂರ್ನಮೆಂಟ್ ಇದೆ. ಅದಾಗಿ ಒಂದು ತಿಂಗಳಿಗೆ ಗೆಳೆಯರು ನರೇಟಿವ್ ಇವೆಂಟ್ (ಕಥೆ ಕಟ್ಟಿಕೊಂಡು ಆಡುವ ಆಟ) ಇಟ್ಟುಕೊಂಡಿದ್ದಾರೆ. ಎರಡಕ್ಕೂ ಬೇರೆ ಬೇರೆ ಸೈನ್ಯ ಕಟ್ಟಬೇಕಾ? ಎಲ್ಲಿಂದ ಶುರು ಮಾಡಲಿ?

ಒಂದೇ ಸಾಕು. ಈ ಪ್ರಶ್ನೆಯನ್ನು ಸೈನ್ಯದ ಹೆಸರು ಬದಲಿಸಿ ತುಂಬಾ ಜನ ಕೇಳುತ್ತಾರೆ. ನೀವು ನೆಕ್ರಾನ್ ಅಂದಿದ್ದೀರಿ. ನನ್ನ ಕಪಾಟಿನಲ್ಲೂ ಅದೇ ಸೈನ್ಯ ಇದೆ. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೆಚ್ಚಿನವರು ಮೊದಲು ಗೆಲ್ಲುವ ಲಿಸ್ಟ್ (ಆಟಕ್ಕೆ ತರುವ ದಳಗಳ ಪಟ್ಟಿ) ಹುಡುಕುತ್ತಾರೆ. ಆಮೇಲೆ ಅದಕ್ಕೆ ಬೇಕಾದ ಪೆಟ್ಟಿಗೆ ತರಿಸುತ್ತಾರೆ. ಬಣ್ಣ ಹಚ್ಚಲು ಕೂರುವಾಗ ಹದಿನೈದು ದಿನ ಉಳಿದಿರುತ್ತದೆ. ನೀವು ಇದನ್ನು ತಿರುಗಿಸಿ ಮಾಡಿ. ವಾರಕ್ಕೆ ನಿಮಗೆ ಎಷ್ಟು ಗಂಟೆ ಸಿಗುತ್ತದೆ, ಅಷ್ಟರಲ್ಲಿ ಎಷ್ಟು ಮಾಡೆಲ್ ಮುಗಿಯುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಲಿಸ್ಟ್ ಆ ಲೆಕ್ಕದ ಒಳಗೆ ಹುಟ್ಟಬೇಕು. ಹನ್ನೆರಡು ವಾರದಲ್ಲಿ ಕೊನೆಯ ಎರಡನ್ನು ಆಡಿ ಅಭ್ಯಾಸ ಮಾಡಲು ಬಿಡಿ. ಉಳಿದದ್ದು ಹತ್ತು ವಾರ. ವಾರಕ್ಕೆ ಆರು ಮಾಡೆಲ್ ಮುಗಿಸಿದರೆ ಅರುವತ್ತು. ಈಗಾಗಲೇ ಬಣ್ಣ ಆಗಿರುವುದನ್ನು ಅದಕ್ಕೆ ಸೇರಿಸಿ. ನಿಮ್ಮ ಸೈನ್ಯ ಅಷ್ಟೇ, ಅದರಾಚೆ ಆಸೆ ಬೇಡ.

ಬಣ್ಣಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಅದಕ್ಕೆ ಅಂಕ ಇದೆ. 2023ರಲ್ಲಿ ಬಂದ 10ನೇ ಆವೃತ್ತಿಯ ಮ್ಯಾಚ್ಡ್ ಪ್ಲೇ (ಸಮಬಲದ ಸ್ಪರ್ಧೆ) ಆಟದಲ್ಲಿ ಒಟ್ಟು 100 ಅಂಕ. ಮುಖ್ಯ ಗುರಿಗೆ 50, ಉಪಗುರಿಗಳಿಗೆ 40. ಉಳಿದ 10 ಸೈನ್ಯಕ್ಕೆ ಪೂರ್ತಿ ಬಣ್ಣ ಆಗಿದ್ದರೆ ಸಿಗುತ್ತದೆ. ಇದನ್ನು ‘ಬ್ಯಾಟಲ್ ರೆಡಿ’ ಅನ್ನುತ್ತಾರೆ. ದೊಡ್ಡ ಭಾಗಗಳಿಗೆಲ್ಲ ಬಣ್ಣ ಇರಬೇಕು, ಬೇಸ್ (ಮಾಡೆಲ್ ನಿಲ್ಲುವ ಅಡಿಬಿಲ್ಲೆ) ಬರಿದಾಗಿ ಇರಬಾರದು, ಅಷ್ಟೇ. ಬೂದು ಸೈನ್ಯ ತಂದವರು ಪ್ರತಿ ಆಟವನ್ನೂ 10 ಅಂಕ ಹಿಂದೆ ಬಿದ್ದು ಶುರು ಮಾಡುತ್ತಾರೆ. ಪೂರ್ತಿ ಬಣ್ಣ ಇಲ್ಲದ ಸೈನ್ಯಕ್ಕೆ ಒಳಗೇ ಬಿಡದ ಟೂರ್ನಮೆಂಟ್‌ಗಳೂ ಇವೆ. ಆದ್ದರಿಂದ ಆಯೋಜಕರು ಕಳಿಸುವ ನಿಯಮಗಳ ಹಾಳೆಯನ್ನು ಈಗಲೇ ಓದಿ. ಯಾವ ಆವೃತ್ತಿ, ಎಷ್ಟು ಪಾಯಿಂಟ್, ಲಿಸ್ಟ್ ಕೊಡಲು ಕೊನೆಯ ದಿನ ಯಾವುದು, 3ಡಿ ಪ್ರಿಂಟ್ ಮಾಡಿದ ಮಾಡೆಲ್ ನಡೆಯುತ್ತಾ ಎಲ್ಲ ಅದರಲ್ಲೇ ಇರುತ್ತದೆ. ಈ ಆಟವನ್ನು 1987ರಿಂದ ತರುತ್ತಿರುವುದು ಗೇಮ್ಸ್ ವರ್ಕ್‌ಶಾಪ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅವರೇ ನಡೆಸುವ ಆಟಗಳಿಗೆ ಅವರದೇ ಮಾಡೆಲ್ ಬೇಕು. ಅಲ್ಲೇ ಹತ್ತಿರ ಇರುವ ಕನ್ನಡಿಗರು ಇದನ್ನು ನೆನಪಿಡಿ.

ಈಗ ಲಿಸ್ಟ್. ಪ್ರತಿ ದಳಕ್ಕೂ ಇಷ್ಟು ಪಾಯಿಂಟ್ ಅಂತ ಬೆಲೆ ಇದೆ. ಸಾಮಾನ್ಯವಾಗಿ ಟೂರ್ನಮೆಂಟ್ ಒಟ್ಟು 2000 ಪಾಯಿಂಟಿನದು. ಅದರ ತಿರುಳಾಗುವ 1000 ಪಾಯಿಂಟನ್ನು ಇವತ್ತೇ ಗಟ್ಟಿ ಮಾಡಿ. ಕಥೆಯ ಆಟಕ್ಕೂ ಅದೇ ತಿರುಳು ಬೇಕಾಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಇಪ್ಪತ್ತು ವಾರಿಯರ್‌ಗಳು (ಸಾಮಾನ್ಯ ಕಾಲಾಳುಗಳು), ಅವರನ್ನು ನಡೆಸಲು ಒಬ್ಬ ಓವರ್‌ಲಾರ್ಡ್, ಹತ್ತು ಇಮ್ಮಾರ್ಟಲ್‌ಗಳು (ಇನ್ನೂ ಗಟ್ಟಿ ಕಾಲಾಳುಗಳು), ಓಡಾಡಿ ಜಾಗ ಹಿಡಿಯಲು ಒಂದಿಷ್ಟು ಸ್ಕಾರಬ್ (ಲೋಹದ ಜೀರುಂಡೆಗಳು). ನಾನಾದರೆ ಇವರಿಂದ ಶುರು ಮಾಡುತ್ತೇನೆ. ಉಳಿದ ಪಾಯಿಂಟ್‌ಗಳಿಗೆ ದೊಡ್ಡ ಮಾಡೆಲ್‌ಗಳನ್ನು ಹಾಕಿ. ಡೂಮ್ಸ್‌ಡೇ ಆರ್ಕ್ (ದೊಡ್ಡ ಫಿರಂಗಿಯ ವಾಹನ) ಒಂದನ್ನು ಮುಗಿಸಲು ಎರಡು ಸಂಜೆ ಸಾಕು. ಅಷ್ಟೇ ಪಾಯಿಂಟಿನ ಕಾಲಾಳುಗಳಿಗೆ ವಾರಗಳೇ ಬೇಕು.

ಪಾಯಿಂಟ್‌ಗಳನ್ನು ಕಂಪನಿ ವರ್ಷಕ್ಕೆ ಹಲವು ಸಲ ಬದಲಿಸುತ್ತದೆ. ನಿನ್ನೆ ಸರಿಯಾಗಿ 2000 ಇದ್ದ ಲಿಸ್ಟ್ ನಾಳೆ 2035 ಆಗಬಹುದು. ಅದಕ್ಕೆ ಭಯ ಬೇಡ, ಆಯಸ್ಕಾಂತ ಇದೆ. ಡೂಮ್ಸ್‌ಡೇ ಆರ್ಕ್ ಪೆಟ್ಟಿಗೆಯಲ್ಲೇ ಗೋಸ್ಟ್ ಆರ್ಕ್ (ವಾರಿಯರ್‌ಗಳನ್ನು ಸಾಗಿಸುವ ವಾಹನ) ಮಾಡುವ ಭಾಗಗಳೂ ಇರುತ್ತವೆ. ಬೇರೆಯಾಗುವ ಭಾಗಗಳನ್ನು ಅಂಟಿಸದೆ ಸಣ್ಣ ನಿಯೋಡಿಮಿಯಂ ಆಯಸ್ಕಾಂತ ಕೂರಿಸಿದರೆ ಒಂದೇ ಮಾಡೆಲ್ ಎರಡು ಕೆಲಸ ಮಾಡುತ್ತದೆ. ಮಾಡೆಲ್ಲಿನ ಕೈಲಿ ಕಾಣುವ ಆಯುಧವೇ ಲಿಸ್ಟಿನಲ್ಲೂ ಇರಬೇಕು ಅನ್ನುವ ಟೂರ್ನಮೆಂಟ್‌ಗಳಲ್ಲಿ ಇದು ತುಂಬಾ ಉಪಯೋಗ. ಆದರೆ ಈ ವಾರ ಯಾರು ಗೆದ್ದರು, ಏನು ಆಡಿದರು ಅಂತ ನೋಡಿ ವಾರಕ್ಕೊಂದು ಲಿಸ್ಟ್ ಬದಲಿಸಬೇಡಿ. ಮೂರು ತಿಂಗಳು ಒಂದೇ ಲಿಸ್ಟ್ ಆಡಿದವರ ಕೈಗೆ ಒಂದು ಅಳತೆ ಬಂದಿರುತ್ತದೆ. ಟೇಪ್ ಇಡುವ ಮೊದಲೇ ಹನ್ನೆರಡು ಇಂಚು ಎಲ್ಲಿಗೆ ಬರುತ್ತದೆ ಎಂದು ಅವರಿಗೆ ಗೊತ್ತು.

ಬಣ್ಣದ ಕೆಲಸಕ್ಕೆ ಬರೋಣ. ನೆಕ್ರಾನ್ ಆರಿಸಿದ್ದು ನಿಮ್ಮ ಅದೃಷ್ಟ. ಲೋಹದ ಅಸ್ಥಿಪಂಜರಗಳು, ಅಲ್ವಾ? ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಕಪ್ಪು ವಾಶ್, ಅಂದರೆ ನೀರಿನಂತೆ ತೆಳುವಾದ ಬಣ್ಣ. ಹತ್ತು ವಾರಿಯರ್‌ಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳಿ. ದಪ್ಪ ಬ್ರಷ್ಷಿನಲ್ಲಿ ವಾಶ್ ತೆಗೆದುಕೊಂಡು ಎದೆಯ ಮೇಲೆ ಹಚ್ಚಿ, ಒಂದು ಕ್ಷಣ ನೋಡಿ. ಕಪ್ಪು ನೀರು ತಾನಾಗಿ ಪಕ್ಕೆಲುಬುಗಳ ಸಂದಿಗೆ ಇಳಿಯುತ್ತದೆ. ಎಲುಬಿನ ಮೇಲ್ಭಾಗ ಬೆಳ್ಳಗೆ ಉಳಿಯುತ್ತದೆ. ಮೊಣಕಾಲಿನ ಹಿಂದೆ, ಪಾದದ ಬಳಿ ಅದು ಹನಿಯಾಗಿ ನಿಂತುಕೊಳ್ಳುತ್ತದೆ. ಅಲ್ಲಿ ಒಣ ಬ್ರಷ್ಷಿನ ತುದಿ ತಾಗಿಸಿ ಹೀರಿಕೊಳ್ಳಿ. ಹಾಗೇ ಬಿಟ್ಟರೆ ಒಣಗಿದ ಮೇಲೆ ಕಲೆ ಕೂರುತ್ತದೆ. ಹತ್ತನೆಯದು ಮುಗಿಯುವ ಹೊತ್ತಿಗೆ ಮೊದಲನೆಯದನ್ನು ಮುಟ್ಟಬೇಡಿ, ಅದು ಇನ್ನೂ ಹಸಿ. ರಾತ್ರಿ ಬಿಟ್ಟು ಬೆಳಗ್ಗೆ ಬೆಳ್ಳಿ ಬಣ್ಣದ ಒಣ ಬ್ರಷ್ ತಲೆಬುರುಡೆ, ಭುಜ, ಬೆರಳುಗಳ ಮೇಲೆ ಸವರಿ. ಕಣ್ಣಿಗೆ ಮತ್ತು ಬಂದೂಕಿಗೆ ಒಂದೊಂದು ಹಸಿರು ಗೆರೆ. ಬೇಸಿಗೆ ಫೆವಿಕಾಲ್ ಹಚ್ಚಿ, ತೊಳೆದು ಒಣಗಿಸಿ ಜರಡಿ ಹಿಡಿದ ಮರಳಿನಲ್ಲಿ ಅದ್ದಿ. ಒಣಗಿದ ಮೇಲೆ ಕಂದು ಬಣ್ಣ ಹಚ್ಚಿ, ಅದರ ಮೇಲೆ ತಿಳಿ ಬಣ್ಣ ಸವರಿ. ಬೇಸಿನ ಅಂಚಿಗೆ ಶುದ್ಧವಾಗಿ ಕಪ್ಪು ಹಚ್ಚಿ. ಆ ಅಂಚು ನೀಟಾಗಿದ್ದರೆ ಇಡೀ ಸೈನ್ಯವೇ ನೀಟಾಗಿ ಕಾಣುತ್ತದೆ.

ನಮ್ಮ ಹವೆಯ ಬಗ್ಗೆ ಒಂದು ಮಾತು. ಸ್ಪ್ರೇ ಡಬ್ಬದ ಮೇಲಿನ ಸೂಚನೆಯನ್ನು ನಂಬಿ ಒಂದು ಜುಲೈನಲ್ಲಿ ನಾನು ಹತ್ತು ವಾರಿಯರ್‌ಗಳಿಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಹೊಡೆದೆ. ಹೊರಗೆ ಸಣ್ಣ ಮಳೆ ಬರುತ್ತಿತ್ತು. ಬೆಳಗ್ಗೆ ನೋಡಿದರೆ ಎಲ್ಲದರ ಮೇಲೂ ವಿಭೂತಿ ಎರಚಿದ ಹಾಗೆ ಬಿಳಿ ಪೊರೆ. ಮೂರು ವಾರದ ಕೆಲಸ ಹೋಯಿತು ಅನ್ನಿಸಿ ತುಂಬಾ ಬೇಜಾರಾಯಿತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಹೀಗಾಗುತ್ತದೆ. ಗ್ಲಾಸಿ (ಹೊಳಪಿನ) ವಾರ್ನಿಶ್ ತಂದು ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿದಾಗ ಹೆಚ್ಚಿನವು ಸರಿಹೋದವು. ಅವತ್ತಿನಿಂದ ಮಳೆಗಾಲದಲ್ಲಿ ನಾನು ಸ್ಪ್ರೇ ಮುಟ್ಟುವುದಿಲ್ಲ. ಮಂಗಳೂರು, ಉಡುಪಿ ಕಡೆಯವರು ಜೂನ್‌ಗೆ ಮೊದಲೇ ಇಡೀ ಸೈನ್ಯಕ್ಕೆ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಹೊಡೆದು ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ಸಿಗುತ್ತದೆ. ಇನ್ನೊಂದು, ಮ್ಯಾಟ್ ವಾರ್ನಿಶ್ ಲೋಹದ ಬಣ್ಣದ ಹೊಳಪನ್ನು ಕೊಲ್ಲುತ್ತದೆ. ನೆಕ್ರಾನ್‌ಗೆ ಅರೆಹೊಳಪಿನ ಸ್ಯಾಟಿನ್ ಸಾಕು. ಏಪ್ರಿಲ್‌ನಲ್ಲಿ ತೊಂದರೆ ಉಲ್ಟಾ, ಬಣ್ಣ ಪ್ಯಾಲೆಟ್ ಮೇಲೇ ಒಣಗಿಬಿಡುತ್ತದೆ. ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಒದ್ದೆ ಸ್ಪಾಂಜು, ಮೇಲೆ ಬೇಕಿಂಗ್ ಪೇಪರ್. ಬಣ್ಣ ಮರುದಿನಕ್ಕೂ ಹಸಿಯಾಗಿರುತ್ತದೆ.

ಸೈನ್ಯ ಪೂರ್ತಿ ಆಗುವವರೆಗೆ ಆಡದೆ ಕೂರಬೇಡಿ. ಮೊದಲ 1000 ಪಾಯಿಂಟ್ ಮುಗಿದ ದಿನವೇ ಒಂದು ಆಟ ಆಡಿ. 2000ದ ಆಟಕ್ಕೆ ಬೇಕಾದ ಜಾಗ 44 ಇಂಚು ಅಗಲ, 60 ಇಂಚು ಉದ್ದ. ಆ ಅಳತೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೂ ಆಯ್ತು. ಎದುರಾಳಿ ಸಿಗದ ದಿನ ಒಬ್ಬರೇ ಸೈನ್ಯ ನಿಲ್ಲಿಸುವುದನ್ನು ಅಭ್ಯಾಸ ಮಾಡಿ.

ಟೂರ್ನಮೆಂಟಿನಲ್ಲಿ ಹೊಸಬರನ್ನು ಸೋಲಿಸುವುದು ಎದುರಾಳಿಗಿಂತ ಜಾಸ್ತಿ ಗಡಿಯಾರ. ಮೂರು ಗಂಟೆಯ ಆಟ ಅಂದರೆ ನಿಮ್ಮ ಪಾಲು ಒಂದೂವರೆ ಗಂಟೆ. ಆಟದ ಐದು ಸುತ್ತುಗಳಿಗೆ ಹಂಚಿದರೆ ಒಂದೊಂದಕ್ಕೆ 18 ನಿಮಿಷ. ಸೈನ್ಯ ನಿಲ್ಲಿಸುವ ಸಮಯವೂ ಇದರಲ್ಲೇ ಹೋಗುತ್ತದೆ. ಈಗ ಇಪ್ಪತ್ತು ವಾರಿಯರ್‌ಗಳನ್ನು ನೆನೆಸಿಕೊಳ್ಳಿ. 10ನೇ ಆವೃತ್ತಿಯ ನಿಯಮದಂತೆ ಪ್ರತಿಯೊಬ್ಬನೂ ತನ್ನ ಗುಂಪಿನ ಇನ್ನಿಬ್ಬರಿಂದ ಎರಡು ಇಂಚಿನ ಒಳಗೆ ಇರಬೇಕು. ಒಬ್ಬೊಬ್ಬನನ್ನೇ ಟೇಪ್ ಹಿಡಿದು ಸರಿಸಿದರೆ ನಿಮಿಷಗಳು ಕರಗುತ್ತವೆ. ಮುಂದಿನ ಸಾಲಿನ ನಾಲ್ವರನ್ನು ಅಳೆದು ಇಡಿ, ಉಳಿದವರನ್ನು ಅವರ ಹಿಂದೆ ಸೇರಿಸಿ. ವಾರಿಯರ್‌ಗಳ ಕೈಲಿರುವ ಗಾಸ್ ಫ್ಲೇಯರ್ 24 ಇಂಚು ದೂರ ಹೊಡೆಯುವ ಬಂದೂಕು. ಗುರಿ 12 ಇಂಚಿನ ಒಳಗೆ ಬಂದರೆ ಒಬ್ಬೊಬ್ಬನಿಗೆ ಎರಡು ಗುಂಡು, ಅಂದರೆ ನಲವತ್ತು ದಾಳ. ದಾಳಗಳನ್ನು ಹತ್ತು ಹತ್ತರ ಗುಂಪು ಮಾಡಿ ಮೊದಲೇ ಇಟ್ಟುಕೊಳ್ಳಿ, ಎದುರಾಳಿಯ ಸರದಿಯಲ್ಲೇ. ಆರು ಬಿದ್ದವನ್ನು ಬದಿಗಿಡಿ, ಆ ಗುಂಡುಗಳಿಗೆ ಗಾಯವಾಯಿತೇ ಎಂದು ನೋಡುವ ಎರಡನೇ ದಾಳ ಹಾಕುವ ಅಗತ್ಯವಿಲ್ಲ. ಇನ್ನು ನೆಕ್ರಾನ್‌ಗಳಲ್ಲಿ ಸತ್ತವರು ಎದ್ದು ಬರುವುದು. ನಿಮ್ಮ ಕಮಾಂಡ್ ಫೇಸ್ (ಸರದಿಯ ಮೊದಲ ಹಂತ) ಕೊನೆಯಲ್ಲಿ ಒಂದರಿಂದ ಮೂರು ವಾರಿಯರ್‌ಗಳು ವಾಪಸ್ ಬರುತ್ತಾರೆ. ಅವಸರದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಒಂದು ಹಸಿರು ದಾಳವನ್ನು ಆ ಗುಂಪಿನ ಪಕ್ಕದಲ್ಲೇ ಇಡಿ. ಕಣ್ಣಿಗೆ ಬಿದ್ದರೆ ನೆನಪಾಗುತ್ತದೆ.

ಸಾಗಿಸುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಸರಾ ಗೊಂಬೆಗಳನ್ನು ಹಳೆ ಪಂಚೆಯಲ್ಲಿ ಸುತ್ತಿಡುವ ಹಾಗೆ ಇವನ್ನು ಸುತ್ತಬೇಡಿ, ಬಟ್ಟೆಗೆ ಸಿಕ್ಕಿ ಬಂದೂಕು ಮುರಿಯುತ್ತದೆ. ಪ್ರತಿ ಬೇಸಿನ ಅಡಿಗೆ ಒಂದು ಆಯಸ್ಕಾಂತ ಅಂಟಿಸಿ. ಪ್ಲಾಸ್ಟಿಕ್ ಡಬ್ಬದ ತಳಕ್ಕೆ ಕಬ್ಬಿಣದ ತೆಳು ತಗಡು ಹಾಕಿ. ಬಸ್ಸಿನ ಹಿಂದಿನ ಸೀಟಿನ ಕುಲುಕಾಟಕ್ಕೂ ಅವು ಜಗ್ಗುವುದಿಲ್ಲ. ವಿಮಾನದಲ್ಲಿ ಹೋಗುವವರು ಡಬ್ಬವನ್ನು ಕೈಯಲ್ಲೇ ಒಯ್ಯಿರಿ. ಕತ್ತರಿಸುವ ಚಾಕು ಕೈಚೀಲದಲ್ಲಿ ಬೇಡ. ಸ್ಪ್ರೇ ಪೇಂಟ್ ಡಬ್ಬವನ್ನಂತೂ ಯಾವ ಲಗೇಜಿನಲ್ಲೂ ಬಿಡುವುದಿಲ್ಲ.

ಟೂರ್ನಮೆಂಟ್ ಮುಗಿಯಿತು. ಇನ್ನು ಒಂದು ತಿಂಗಳಿದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಕಥೆಯ ಆಟಕ್ಕೆ ‘ಕ್ರುಸೇಡ್’ ಎಂಬ ಪದ್ಧತಿ 2020ರ 9ನೇ ಆವೃತ್ತಿಯಲ್ಲಿ ಬಂತು. 10ನೇ ಆವೃತ್ತಿಯಲ್ಲಿ ಅದು 1000 ಪಾಯಿಂಟಿನಿಂದ ಶುರುವಾಗುತ್ತದೆ. ನೀವು ಮೊದಲು ಮುಗಿಸಿದ ತಿರುಳು ಇಲ್ಲಿ ಹಾಗೇ ಬರುತ್ತದೆ. ಹೊಸ ಮಾಡೆಲ್ ಬೇಕಿಲ್ಲ. ಬೇಕಾಗುವುದು ಹೆಸರು. ಪ್ರತಿ ದಳಕ್ಕೂ ಒಂದು ಹಾಳೆ, ಆ ಹಾಳೆಯಲ್ಲಿ ಅದರ ಹೆಸರು, ಆಡಿದ ಯುದ್ಧ, ಗಳಿಸಿದ ಅನುಭವ. ಆಡಿದ್ದಕ್ಕೆ ಒಂದು ಅನುಭವದ ಅಂಕ. ಚೆನ್ನಾಗಿ ಹೋರಾಡಿತು ಎಂದು ನೀವು ಆರಿಸುವ ಒಂದು ದಳಕ್ಕೆ ಇನ್ನೂ ಮೂರು. ಆರು ಸೇರಿದರೆ ದರ್ಜೆ ಏರಿ ಒಂದು ಗೌರವ ಸಿಗುತ್ತದೆ. ನಾಶವಾದ ದಳಕ್ಕೆ ಆಟದ ಕೊನೆಯಲ್ಲಿ ಒಂದು ದಾಳ. ಒಂದು ಬಿದ್ದರೆ, ಗಳಿಸಿದ ಗೌರವ ಕಳೆದುಕೊಳ್ಳಬೇಕು ಅಥವಾ ಮಾಯದ ಗಾಯ ಹೊತ್ತು ಮುಂದಿನ ಯುದ್ಧಕ್ಕೆ ಹೋಗಬೇಕು.

ಇಲ್ಲಿ ಟೂರ್ನಮೆಂಟಿನ ಮನಸ್ಸು ಸ್ವಲ್ಪ ಬದಲಾಗಬೇಕು. ಕರ್ಣಪರ್ವದ ತಾಳಮದ್ದಳೆಗೆ ಹೋದವರಿಗೆ ಕರ್ಣ ಬೀಳುತ್ತಾನೆ ಎಂದು ಗೊತ್ತು. ಆದರೂ ಕೂತು ಕೇಳುತ್ತಾರೆ, ಅವನು ಏನು ಮಾತಾಡಿ ಬೀಳುತ್ತಾನೆ ಎಂದು. ಕಥೆಯ ಆಟ ಹಾಗೆ. ನಿಮ್ಮ ಓವರ್‌ಲಾರ್ಡ್ ಯಾಕೆ ಎದ್ದ, ಕೋಟ್ಯಂತರ ವರ್ಷ ಮಲಗಿದ್ದವನಿಗೆ ಈಗ ಏನು ಬೇಕು, ಎದುರಿನ ದಳದ ಮೇಲೆ ಅವನಿಗೇನು ಹಗೆ? ಅರ್ಧ ಪುಟ ಬರೆದುಕೊಳ್ಳಿ, ಆಟಕ್ಕೆ ಮೊದಲು ಎದುರಾಳಿಗೆ ಓದಿ ಹೇಳಿ. ಅವರ ಕಥೆಯನ್ನೂ ಕೇಳಿ. ಟೂರ್ನಮೆಂಟಿನ ಲಿಸ್ಟ್ ತುಂಬಾ ಗಟ್ಟಿ ಇದ್ದರೆ ಅದರಲ್ಲಿ ಒಂದೆರಡು ದಳ ಮನೆಯಲ್ಲಿ ಬಿಡಿ. ಮೊದಲನೇ ಸುತ್ತಿನಲ್ಲೇ ಸೋತವರಿಗೆ ಹೇಳಲು ಕಥೆಯೇ ಉಳಿಯುವುದಿಲ್ಲ.

ಬಣ್ಣದ ಕೆಲಸವೂ ಇಲ್ಲಿ ಮುಂದುವರಿಯುತ್ತದೆ. ನಾಯಕನಿಗೆ ಗಾಯವಾಯಿತು ಅಂದರೆ ಮನೆಗೆ ಬಂದು ಚಾಕುವಿನ ತುದಿಯಿಂದ ಕವಚದ ಮೇಲೆ ಒಂದು ಗೀರು ಹಾಕಿ. ಒಳಗೆ ಕಪ್ಪು ವಾಶ್, ಕೆಳಗಿನ ಅಂಚಿಗೆ ಕೂದಲೆಳೆಯಷ್ಟು ಬೆಳ್ಳಿ. ದೂರದಿಂದಲೂ ಸೀಳಿದ ಹಾಗೆ ಕಾಣುತ್ತದೆ. ನನ್ನ ಓವರ್‌ಲಾರ್ಡ್‌ನ ಎಡ ಭುಜದಲ್ಲಿ ಅಂಥವು ಎರಡಿವೆ. ಎರಡನೆಯದಕ್ಕೆ ಕಾರಣನಾದ ಗೆಳೆಯ ತನ್ನ ಕ್ಯಾಪ್ಟನ್‌ನ ಕಾಲಿನ ಕೆಳಗೆ ಒಂದು ನೆಕ್ರಾನ್ ತಲೆ ಅಂಟಿಸಿಕೊಂಡಿದ್ದಾನೆ. ಆ ತಲೆಯನ್ನು ಉಳಿದ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಬೆಳ್ಳಿ ಬಣ್ಣ ಹಚ್ಚಿ, ಅವನ ಕೈಗೆ ಕೊಟ್ಟವನು ನಾನೇ.